ತುಟಿ ಆಡಿಸೋ ಪಾಠ

ಗ್ರಾಮೋಫೋನು ಅಂದ್ರ ಇವತ್ತಿಗೂ ನನಗ ಹೇಸಿಗಿ. ಮಂದಿ ಅದನ್ನ ಮನಿಯೊಳಗ ಶೋಕಿಗೆ ಇಟ್ಕೋತಾರ, ಅದರ ಹಿತ್ತಾಳಿ ಕಹಳಿ ತಿಕ್ಕಿ ತಿಕ್ಕಿ ಹೊಳಸ್ತಾರ, ಮ್ಯಾಲೆ "ಎಷ್ಟು ಚಂದ ಅದ ಅಲ್ಲ?" ಅಂತ ನನ್ನ ಕೇಳ್ತಾರ. ಚಂದ ಅಂತ, ಮಣ್ಣು! ಒಬ್ಬರ ಮನಿಯೊಳಗ ಚಹಾ ಅರ್ಧಕ್ಕ ಬಿಟ್ಟು ಎದ್ದು ಬಂದೀನಿ.

ಐವತ್ತರ ದಶಕದ ಸುರುವಿನ ಮಾತು. ಅಪ್ಪಗ ಹುಬ್ಬಳ್ಳಿಯಿಂದ ನಾಗಪುರಕ್ಕ ರೇಲ್ವೆ ಬದ್ಲಿ ಆಗಿತ್ತು. ನಾನು ಧರಮಪೇಠದ ಒಂದು ಮರಾಠಿ ಪ್ರಾಥಮಿಕ ಸಾಲಿಯೊಳಗ ಹಾಡು ಕಲಸೋ ಕೆಲಸಕ್ಕ ಸೇರಿದ್ದೆ. ಕೆಲಸ ಹಂಗಾಮಿ, ಇವತ್ತು ಇದ್ರ ಇತ್ತು, ನಾಳೆ ಇಲ್ಲ. ಒಂದು ಹಳೇ ಹಾರ್ಮೋನಿಯಂ, ಅರವತ್ತು ಹುಡುಗೂರು, ನನ್ನ ಗಂಟಲು. ಇಷ್ಟರಾಗ ಎಲ್ಲಾ ಬರೋಬರ್ ನಡದಿತ್ತು.

ಮೂರನೇ ಇಯತ್ತೆಯೊಳಗ ಒಂದು ಹುಡುಗಿ ಇದ್ಲು. ಅಕಿ ಅಪ್ಪ ರೇಲ್ವೆ ಖಲಾಸಿ, ಗದಗ ಕಡೆಯಂವ. ಇಡೀ ಸಾಲಿಯೊಳಗ ನನ್ನ ನಮ್ಮ ಕಡೆ ಕನ್ನಡದಾಗ "ಅಕ್ಕೋರೆ" ಅಂತ ಕರೀತಿದ್ದಾಕಿ ಅಕಿ ಒಬ್ಬಾಕಿನ. ದನಿ ಮುದ್ದಿನದಲ್ಲ, ಒಂದೀಟು ಒರಟು. ಆದ್ರ ಸುರ ಹಿಡಿದ್ಲು ಅಂದ್ರ ಬಿಡ್ತಿರಲಿಲ್ಲ. ನಾ ತಪ್ಪಿದ್ರ ನನ್ನ ಮಾರಿ ನೋಡಿ ನಗ್ತಿದ್ಲು, ಬದ್ಮಾಶ್! ಅಕಿ ಅಪ್ಪ ಡ್ಯೂಟಿ ಮುಗಿಸಿ ಬಂದು ಕೈಕಾಲು ತೊಳಕೊಂಡು ಕೂತ ಕೂಡಲೇ ಅಕಿ ಒಂದು ಹಾಡು ಹಾಡಬೇಕು, ಆಮ್ಯಾಲೇನ ಅಂವಗ ಊಟ. ತಾನಾ ಹೇಳಿದ್ಲು. ಅಂಥಾ ದನಿ ನಾ ಕಲಿಸಿದ ಎಲ್ಲಾ ವರ್ಷಗಳೊಳಗ ಮತ್ತೊಂದು ಕೇಳಲಿಲ್ಲ.

ಅಷ್ಟರಾಗ ನಮ್ಮ ಸಾಲಿ ಸೆಕ್ರೆಟರಿ ಸಾಹೇಬರಿಗೆ ಆಧುನಿಕ ಶಿಕ್ಷಣದ ಹುಚ್ಚು ಹತ್ತಿತು. ಸಿವಿಲ್ ಲೈನ್ಸಿನ್ಯಾಗ ವಕೀಲರು, ಬಾಯಾಗ ಸದಾ ಎಲಿ-ಅಡಿಕಿ. ಮುಂಬಯಿಂದ ಒಂದು ಗ್ರಾಮೋಫೋನು, ಒಂದೇ ಒಂದು ಪ್ರಾರ್ಥನೆಯ ರೆಕಾರ್ಡು ತಂದ್ರು. ಇನ್ನ ಮ್ಯಾಲೆ ಹುಡುಗೂರು ಯಂತ್ರದಿಂದ ಕಲೀತಾರ, ನೀವು ಕಿವಿ ತುಂಬ ಕೇಳಸ್ರಿ ಸಾಕು ಅಂದ್ರು. ರೆಕಾರ್ಡಿನ ಮ್ಯಾಲೆ ಧೂಳು ಕಂಡ್ರ ಉಗುಳು ಹಚ್ಚಿ ಧೋತರದ ಚುಂಗಿನಿಂದ ವರಸ್ತಿದ್ರು. ಕೆಂಪನೆ ಕಲಿ ಉಳೀತಿತ್ತು. ಅದನ್ನ ಮುಟ್ಟಬೇಕಂದ್ರ ನನಗ ವಾಂತಿ ಬರೂಹಂಗ ಆಗ್ತಿತ್ತು. ಆದ್ರೂ ಮುಟ್ಟಿದೆ.

ಆ ರೆಕಾರ್ಡಿನ ನಡುವ ಒಂದು ಗೀರು ಬಿದ್ದಿತ್ತು. ಸೂಜಿ ಅಲ್ಲಿಗೆ ಬಂದು ಸಿಕ್ಕೊಂಡು, ಒಂದೇ ಶಬ್ದ ಮತ್ತ ಮತ್ತ ಒದರೂದು. ಮೂರನೇ ಸರ್ತಿಗೆ ನಾ ಬೆರಳಿನಿಂದ ದೂಡ್ತಿದ್ದೆ, ಮುಂದ ಹೋಗೂದು. ಒಂದು ತಿಂಗಳಿಗೆ ಹುಡುಗೂರು ಆ ಶಬ್ದ ಮೂರು ಸರ್ತಿ ಹಾಡಲಿಕ್ಕೆ ಹತ್ತಿದ್ವು. ಯಂತ್ರಕ್ಕ ಕೊಟ್ಟ ಚಾವಿ ಇಳಿದು ಹಾಡು ಜೋಲಿ ಬೀಳೋದನ್ನೂ ಕಲ್ತಿದ್ವು, ಕಡೀ ಸಾಲು ಬಂತಂದ್ರ ಎಲ್ಲಾವೂ ಕೂಡಿ ನಿದ್ದಿ ಬಂದವರಂಗ ದನಿ ಕೆಳಗಿಳಸಾವು. ನಾ ತಿದ್ದಲಿಕ್ಕೆ ಹೋದ್ರ "ಹಾಡಿನ್ಯಾಗ ಹಂಗ ಅದ" ಅಂತ ನನಗ ವಾದಾ! ನಗಬೇಕೋ ಹಣಿ ಹಣಿ ಬಡಕೋಬೇಕೋ ತಿಳೀಲಿಲ್ಲ.

ಜನವರಿಯೊಳಗ ಸಾಲಿ ಗ್ಯಾದರಿಂಗ್, ವರ್ಷಕ್ಕೊಮ್ಮಿ ಆಗೋ ಸಮಾರಂಭ. ಶಿಕ್ಷಣ ಖಾತೆಯಿಂದ ಇನ್ಸ್‌ಪೆಕ್ಟರ್ ಬರೋರಿದ್ರು. ಸೆಕ್ರೆಟರಿ ಒಂದಿನ ಹುಡುಗೂರ ಹಾಡು ಕೇಳಿದ್ರು, ಮಾರಿ ಕಿವಿಚಿದ್ರು, ಆಮ್ಯಾಲೆ ನನ್ನ ಬಾಜೂಕ ಕರದು ಒಂದು ಉಪಾಯ ಹೇಳಿದ್ರು. ಪರದೆ ಹಿಂದ ರೆಕಾರ್ಡು ಹಚ್ಚಿ ಅದರ ಮುಂದ ಮೈಕ್ ಇಡೋದು. ಹುಡುಗೂರು ಪರದೆ ಮುಂದ ನಿಂತು ಬರೇ ತುಟಿ ಆಡಸೋದು, ದನಿ ತಗೀಬಾರದು. ಯಂತ್ರದಿಂದ ಹುಡುಗೂರು ಎಷ್ಟು ಚಲೋ ಕಲ್ತಾರ ಅಂತ ಸಾಹೇಬರಿಗೆ ತೋರಸಬೇಕಲ್ಲ! "ಹಿಂಗ ಮಾಡಿದ್ರ ಫೆಬ್ರುವರಿಯೊಳಗ ನಿಮ್ಮನ್ನ ಕಾಯಂ ಮಾಡೋಣ," ಅಂದ್ರು.

ಥೂ ನಿಮ್ಮ, ಅನ್ನಬೇಕಾಗಿತ್ತು. "ಆಗ್ಲಿ ಸರ್," ಅಂದೆ.

ಹದಿನೈದು ದಿನ ಅದನ್ನ ಕಲಿಸಿದೆ. ಹಾಡೋ ಮಕ್ಕಳಿಗೆ ಹಾಡದೇ ಇರೋದನ್ನ! ಯಾರಾದ್ರೂ ದನಿ ತಗದ್ರ ಬೆರಳು ತುಟಿ ಮ್ಯಾಲೆ ಇಟ್ಟು ಕಣ್ಣು ತಗೀತಿದ್ದೆ. ಖಲಾಸಿ ಮಗಳಿಗೆ ಬಾಳ ತ್ರಾಸಾತು. ಎಷ್ಟು ತಡದ್ರೂ ಹಾಡು ಹೊರಗ ಬಂದುಬಿಡೂದು. "ಅಕ್ಕೋರೆ, ಹಾಡಂಗಿಲ್ಲ ಅಂದ್ರ ಯಾಕ ನಿಲ್ಲಬೇಕ್ರಿ?" ಅಂತ ಕೇಳಿದ್ಲು. "ಹೇಳಿದಷ್ಟು ಮಾಡು," ಅಂತ ಗದರಿಸಿದೆ. ಆಮ್ಯಾಲೆ ಕಲ್ತುಬಿಟ್ಲು ನೋಡ್ರಿ, ಎಲ್ಲಾರಕಿಂತ ಚಂದ. ಸೆಕ್ರೆಟರಿ ಖುಷಿ ಆಗಿ ಅಕಿನ್ನ ಮುಂದಿನ ಸಾಲಿನ ನಡುವ ನಿಲ್ಲಿಸಿದ್ರು, ಅಕಿ ಮುಂದ ತೋರಿಕಿಗೆ ಒಂದು ಬಂದ್ ಮೈಕ್ ಇಟ್ರು.

ಆ ದಿನ ನಾನು ಪರದೆ ಹಿಂದ ನೆಲದ ಮ್ಯಾಲೆ ಕುಕ್ಕರಗಾಲಿನ್ಯಾಗ ಕೂತಿದ್ದೆ. ರೆಕಾರ್ಡು ತಿರಗಿತು. ಹೊರಗ ಲೌಡ್‌ಸ್ಪೀಕರಿನ ಭೋಂಗಾದಾಗ ಯಾರೋ ಹೆಣ್ಣುಮಗಳು ಸಣ್ಣ ಹುಡುಗಿ ದನಿ ಮಾಡಿಕೊಂಡು ಹಾಡಿದ್ಲು. ಗೀರು ಬಂತು. ನಾ ಮೂರನೇ ಸರ್ತಿಗೆ ದೂಡಿದೆ. ಪರದೆ ಸಂದಿಯಿಂದ ನೋಡಿದ್ರ ಹುಡುಗೂರೂ ಬರೋಬರ್ ಮೂರು ಸರ್ತಿ ತುಟಿ ಆಡಿಸಿದ್ವು, ಒಂದೂ ತಪ್ಪಲಿಲ್ಲ. ಇನ್ಸ್‌ಪೆಕ್ಟರು ತಲಿ ತೂಗಿ "ವಾಹ್!" ಅಂದ್ರು. ಅದು ಹಾಡಿನ ಭಕ್ತಿ ಅಂತ ತಿಳಕೊಂಡ್ರೋ ಏನೋ! ಸಾಲಿಯ ಭೇಟಿ ಪುಸ್ತಕದಾಗ ಯಂತ್ರದ ಬಗ್ಗೆ ಅರ್ಧ ಪುಟ ಹೊಗಳಿ ಬರದು ಹೋದ್ರು.

ಮಂದಿ ಚದರೂ ಮುಂದ ಖಲಾಸಿ ಬಂದ. ಅರ್ಧಾ ದಿನ ರಜಾ ಹಾಕಿ, ಒಗದ ಅಂಗಿ ಹಾಕ್ಕೊಂಡು ಬಂದಿದ್ದ. ಮಗಳ ಕೈ ಹಿಡಕೊಂಡಿದ್ದ. ಅವನ ಕಣ್ಣು ಒದ್ದಿ ಆಗಿದ್ವು.

"ಅಕ್ಕೋರೆ, ನಿಮಗ ಎಷ್ಟ ಶರಣು ಮಾಡಿದ್ರೂ ಕಡಿಮೀನ ರೀ. ದಿನಾ ಮನ್ಯಾಗ ಹಾಡ್ತೈತಿ ಖರೆ, ಹಿಂಗ ಎಂದೂ ಹಾಡಿದ್ದಿಲ್ರಿ. ನನ್ನ ಕೂಸಿನ ದನ್ಯಾಗ ಇಷ್ಟ ಸವಿ ಐತೆಂತ ನನಗ ಗೊತ್ತ ಇರಲಿಲ್ಲ."

ಹುಡುಗಿ ನನ್ನ ಮಾರಿ ನೋಡಿದ್ಲು. ನಾ ಖರೆ ಹೇಳ್ತೀನಿ ಅಂತ ಅಕಿ ಕಾಯ್ಲಿಕ್ಕೆ ಹತ್ತಿದ್ಲು, ಅದು ನನಗ ಸ್ವಚ್ಛ ಗೊತ್ತಾತು. ಹಿಂದ ಸೆಕ್ರೆಟರಿ ನಿಂತಿದ್ರು.

"ಹೌದಪಾ, ಬಾಳ ಚಲೋ ಹಾಡಿದ್ಲು," ಅಂದೆ.

ಹುಡುಗಿ ತಲಿ ಕೆಳಗ ಹಾಕಿದ್ಲು. ಅಪ್ಪ ಅಕಿ ಬೆನ್ನು ಸವರಕೋತ ಕರಕೊಂಡು ಹೋದ. ನನ್ನ ನಾಲಿಗಿ ಕಿತ್ತು ಒಗೀಬೇಕು ಅನಿಸಿತು.

ಸೋಮವಾರ ನಾ ಗ್ರಾಮೋಫೋನು ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದೆ, ಹಾರ್ಮೋನಿಯಂ ತಗದೆ. ಎಲ್ಲಾರೂ ಹಾಡಿದ್ರು. ಅಕಿ ಒಬ್ಬಾಕಿ ಬರೇ ತುಟಿ ಆಡಸ್ತಿದ್ಲು. ಮಂಗಳವಾರನೂ ಅದ, ಬುಧವಾರನೂ ಅದ. ಕಡೀಕ ಅಕಿನ್ನ ಹತ್ರ ಕರದು, "ಗ್ಯಾದರಿಂಗ್ ಮುಗೀತು ನನ್ನವ್ವಾ, ಇನ್ನ ದನಿ ತಗದು ಹಾಡು," ಅಂದೆ.

"ಒಲ್ಲೆರಿ."

"ಯಾಕವಾ? ಮನ್ಯಾಗರ ಹಾಡ್ತಿಯೋ ಇಲ್ಲೋ?"

"ಇಲ್ರಿ. ಅಪ್ಪ ದಿನಾ ಹಾಡು ಅಂತಾನ, ಗಂಟಲಾ ನೋಯ್ತೈತಿ ಅಂತ ಸುಳ್ಳ ಹೇಳ್ತೀನಿ." ಆಮ್ಯಾಲೆ ನನಗಷ್ಟ ಕೇಳೂಹಂಗ ಅಂದ್ಲು: "ಹಾಡಿದ್ರ ಅಂವಗ ಗೊತ್ತಾಕ್ಕೈತ್ರಿ, ಅವತ್ತ ಹಾಡಿದಾಕಿ ನಾನಲ್ಲ ಅಂತ."

ಸಂಜಿಕ ಅವರ ಮನಿಗೆ ಹೋಗಿ ಒಂದು ಮಾತು ಹೇಳಿದ್ರ ಮುಗೀತಿತ್ತು. ಫೆಬ್ರುವರಿ ಬರಲಿ, ಕಾಯಂ ಹುಕುಂ ಕೈಗೆ ಸಿಗಲಿ, ಆಮ್ಯಾಲೆ ಹೋಗೋಣ ಅಂದುಕೊಂಡೆ. ಹುಕುಂ ಸಿಕ್ತು. ನಾ ಹೋಗಲಿಲ್ಲ. ಅಕಿ ನಾಲ್ಕನೇ ಇಯತ್ತೆ ಮುಗಿಸಿ ಸಾಲಿ ಬಿಡೂತನಕ ಹಾಡಲಿಲ್ಲ.