ಜವರಪ್ಪನ ಪರ ನಿಂತವರು

ಕರೆಂಟು ಹೋದರೆ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಖುಷಿಪಡುತ್ತಿದ್ದವರು ಸಂಜೀವಪ್ಪನವರೊಬ್ಬರೇ. ಸಾಲು ಮನೆಗಳ ವಿದ್ಯುತ್ ಮಗ್ಗಗಳೆಲ್ಲ ಒಮ್ಮೆಲೇ ನಿಂತು ಜನ ಗೊಣಗುತ್ತ ಹೊರಗೆ ಬರುವಾಗ, ಇವರು ಜಗಲಿಯ ಮೇಲೆ ಚಾಪೆ ಕೊಡವಿ ಹಾಸಿ, ಪಕ್ಕದ ಮನೆಯ ನನ್ನನ್ನು ಕೂಗುತ್ತಿದ್ದರು: "ಬಾರಮ್ಮ, ಪುಸ್ತಕ ತಗೊಂಡ್ಬಾ. ಈಗ ಮನುಷ್ಯರ ಮಾತು ಕೇಳ್ಸುತ್ತೆ."

ಐವತ್ತು ವರ್ಷ ಮಗ್ಗದ ಮುಂದೆ ನಿಂತ ಜೀವ. ಕೆಲಸವನ್ನೆಲ್ಲ ಮಗನಿಗೆ ಒಪ್ಪಿಸಿ ಇನ್ನು ಓದೋಣವೆಂದು ಕೂತರೆ ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಎಂದರೆ "ದೀಪಾವಳಿ ಕಳೀಲಿ" ಎನ್ನುತ್ತಿದ್ದರು. ಯಾವ ವರ್ಷದ್ದೆಂದು ಮಾತ್ರ ಹೇಳುತ್ತಿರಲಿಲ್ಲ. ಸೀರೆಗೆ ಕುಚ್ಚು ಕಟ್ಟುತ್ತ ಮನೆಯಲ್ಲೇ ಇರುತ್ತಿದ್ದ ನಾನು ಅವರಿಗೆ ಓದಿ ಹೇಳುವವಳಾದೆ.

ಆ ಸಲ ಲೈಬ್ರರಿಯಿಂದ ತಂದದ್ದು ಅನುವಾದದ ಪತ್ತೇದಾರಿ ಕಾದಂಬರಿ. ನಾನೂರು ವರ್ಷದ ಹಿಂದಿನ ಇಟಲಿ. ರೇಷ್ಮೆ ವ್ಯಾಪಾರಿಯೊಬ್ಬನ ಕೊಲೆಯಾಗಿದೆ, ಅನುಮಾನ ಜಿಯೋವಾನಿ ಎಂಬ ನೇಕಾರನ ಮೇಲೆ, ಪತ್ತೆಗೆ ಹೊರಟವನು ಊರಿನ ಮುದಿ ವೈದ್ಯ. ಜಿಯೋವಾನಿ ಎರಡನೇ ದಿನಕ್ಕೇ ಸಂಜೀವಪ್ಪನವರ ಬಾಯಲ್ಲಿ ಜವರಪ್ಪನಾದ. ಕೊಲೆಯ ದಿನ ಅವನ ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಇತ್ತೆಂದು ಓದಿದ್ದೇ ತಡ, ಇವರು ತೀರ್ಪು ಕೊಟ್ಟುಬಿಟ್ಟರು.

"ಅರ್ಧ ಬಟ್ಟೆ ಮಗ್ಗದ ಮೇಲಿದ್ರೆ ನಮ್ಗೆ ಊಟಕ್ಕೇಳೋಕೇ ಮನಸ್ಸು ಬರಲ್ಲ. ಇವ್ನು ಕೊಲೆ ಮಾಡೋಕೆ ಎದ್ದು ಹೋದ್ನಾ? ಆ ಡಾಕ್ಟ್ರಿಗೆ ಮಗ್ಗದ ಗಂಧಗಾಳಿ ಗೊತ್ತಿಲ್ಲ ಕಣಮ್ಮ."

ಅಂದಿನಿಂದ ಅವರಿಗೆ ಒಂದೇ ಧ್ಯಾನ: ಜವರಪ್ಪ ಪಾರಾಗಬೇಕು. ಹಾಲಿನವನನ್ನೂ ನಿಲ್ಲಿಸಿಕೊಂಡು ಕೇಸು ವಿವರಿಸುತ್ತಿದ್ದರು. ಕರೆಂಟು ಹೋಗದ ದಿನ ಅವರ ಮುಖ ಸಪ್ಪಗಿರುತ್ತಿತ್ತು. ಕುತೂಹಲ ತಡೆಯಲಾರದೆ ನಾನು ಕೊನೆಯ ಅಧ್ಯಾಯವನ್ನು ಮೊದಲೇ ಓದಿಬಿಟ್ಟೆ. ಕೊಂದವನು ಜವರಪ್ಪನೇ.

ಅದನ್ನು ಅವರ ಮುಂದೆ ಓದಲು ನನಗೆ ಬಾಯಿ ಬರಲಿಲ್ಲ. ಮಾರನೆಯ ಮಧ್ಯಾಹ್ನ ಪುಸ್ತಕ ತೆರೆದು ಹಿಡಿದು, ವ್ಯಾಪಾರಿಯ ಪಾಲುದಾರನನ್ನೇ ಕೊಲೆಗಾರನನ್ನಾಗಿ ಮಾಡಿ, ಜವರಪ್ಪನನ್ನು ಸುಖವಾಗಿ ಮನೆಗೆ ಕಳಿಸಿ ಕತೆ ಮುಗಿಸಿದೆ. ಸಂಜೀವಪ್ಪನವರು ತಲೆಯಾಡಿಸುತ್ತ ಕೇಳಿದರು.

"ಚೆನ್ನಾಗಿದೆ. ಆದ್ರೆ ಅಷ್ಟುದ್ದ ಓದಿದ್ಯಲ್ಲ, ಒಂದು ಹಾಳೇನೂ ತಿರುಗಿಸ್ಲಿಲ್ಲ. ಕಣ್ಣು ಮಂಜು ಕಣಮ್ಮ, ಕಿವಿ ನೆಟ್ಟಗಿದೆ. ಈಗ ಇದ್ದದ್ದು ಓದು."

ನಾಚಿಕೆಯಿಂದ ಭೂಮಿಗಿಳಿದುಹೋದೆ. ಇದ್ದದ್ದನ್ನು ಓದಿದೆ. ಜವರಪ್ಪನನ್ನು ಗಲ್ಲಿಗೇರಿಸಿದರು. ಸಂಜೀವಪ್ಪನವರು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದರು.

"ಅವನ್ಗೆ ಹೆಂಡ್ತಿ ಇದ್ಲಲ್ಲಮ್ಮ, ಎರಡು ಮಕ್ಳು. ಆಮೇಲೆ ಅವ್ರೇನಾದ್ರು?"

"ಪುಸ್ತಕದಲ್ಲಿ ಇಲ್ಲ ತಾತ."

"ಹಂಗಾದ್ರೆ ಅದನ್ನ ನೀನೇ ಕಟ್ಟಿ ಹೇಳು. ಅದಕ್ಕೆ ನಾನೇನೂ ಅನ್ನಲ್ಲ."

ಯೋಚಿಸಿ ಹೇಳುತ್ತೇನೆಂದು ಎದ್ದು ಬಂದೆ. ಆ ವಾರವೇ ಎದೆನೋವು ಬಂದು ಅವರು ಹೋಗಿಬಿಟ್ಟರು. ಅಷ್ಟು ಸಣ್ಣ ಕತೆಯನ್ನು ಅಲ್ಲೇ ಕೂತು ಹೇಳಬಾರದಿತ್ತೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಆ ಹೆಂಗಸು ಯಾರ ಮನೆಯಲ್ಲಿ ನೂಲು ಸುತ್ತಿದಳು, ಮಕ್ಕಳನ್ನು ಹೇಗೆ ಸಾಕಿದಳು, ಈಗ ನನಗೆ ಎಲ್ಲ ಗೊತ್ತಿದೆ. ಕೇಳಲು ಅವರಿಲ್ಲ.