ಆರರಿಂದ ಏಳರವರೆಗಿನ ಮೌನ

೧೯೯೯ರ ಫೆಬ್ರುವರಿ ೨೬, ಶುಕ್ರವಾರ, ಬೆಳಗ್ಗೆ ಆರು ಗಂಟೆ ಹನ್ನೆರಡು ನಿಮಿಷ. ಆಳಂದದ ಬಾಡಿಗೆ ಕೋಣೆಯಲ್ಲಿ ಶಾಂತಲಿಂಗಪ್ಪ ನೋಟ್‌ಬುಕ್ಕಿನಲ್ಲಿ ಹದಿನಾಲ್ಕನೆಯ ತಿದ್ದುಪಡಿ ಬರೆಯುತ್ತಿದ್ದರು. ಎದುರಿನ ಕಂಪ್ಯೂಟರ್ ಹನ್ನೊಂದು ದಿನಗಳಿಂದ ಹೇಳುತ್ತಿದ್ದುದನ್ನೇ ಹೇಳಿತು: ಡಯಲ್ ಟೋನ್ ಇಲ್ಲ.

ಭೂಸನೂರಿನ ಶಾಂತಲಿಂಗಪ್ಪ ಬಿ.ಎಸ್ಸಿ. ಮುಗಿಸಿ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದರು. ಪುಕ್ಕಟೆ ಸಿಗುತ್ತದೆಂದು ಕಾಲೇಜಿನ ಈ ಯಂತ್ರಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿಸಿದ್ದು ಅವರೇ. ಶನಿವಾರದೊಳಗೆ ಒಂದಾದರೂ ಇ-ಮೇಲ್ ತರದಿದ್ದರೆ ಯಂತ್ರ ಟೈಪಿಂಗಿಗೆಂದು ಆಫೀಸಿಗೆ ಹೋಗುತ್ತದೆ ಎಂದು ಪ್ರಿನ್ಸಿಪಾಲ್ ದೇವಿಂದ್ರಪ್ಪ ಹೇಳಿದ್ದರು. ಕಾಲೇಜಿನ ಏಕೈಕ ಫೋನು ಅವರ ಮೇಜಿನ ಮೇಲಿತ್ತು, ಅಲ್ಲಿಂದ ಕದಲುವಂತಿರಲಿಲ್ಲ. ಹಾಗಾಗಿ ಯಂತ್ರ ಈ ಮಾಳಿಗೆಯ ಕೋಣೆಗೆ ಬಂತು. ಕೆಳಗೆ ಮನೆಯೊಡತಿ ಕಸ್ತೂರಿಬಾಯಿಯ ಫೋನಿತ್ತು. ಅದೇ ಲೈನಿನಿಂದ ಒಂದು ವೈರನ್ನು ಮೇಲಕ್ಕೆ ಎಳೆದಿದ್ದರು.

ಇಂಟರ್ನೆಟ್ಟಿಗೆ ಡಯಲ್ ಮಾಡಬೇಕಾದ ಗುಲ್ಬರ್ಗಾದ ನಂಬರಿಗೆ ಏಳರೊಳಗೆ ದರ ಕಡಿಮೆ. ಆದ್ದರಿಂದ ಅವರು ಆರಕ್ಕೆ ಕೂರುತ್ತಿದ್ದರು. ಪೋರ್ಟ್ ಬದಲಿಸಿದರು, ವೇಗ ಇಳಿಸಿದರು, ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್‌ನ ಆದೇಶ ಸಾಲನ್ನು ಐದು ಬಗೆಯಲ್ಲಿ ಬರೆದರು. ದಿನಾ ಸಂಜೆ ಕೆಳಗಿಳಿದು ರಿಸೀವರ್ ಎತ್ತಿ ಕೇಳುತ್ತಿದ್ದರು. ಟೋನ್ ಇರುತ್ತಿತ್ತು. ಲೈನ್ ಸರಿ, ದೋಷ ಲಿನಕ್ಸ್‌ನದು ಎಂದು ಬರೆದುಕೊಳ್ಳುತ್ತಿದ್ದರು.

ಏಳು ಗಂಟೆ ಐದು ನಿಮಿಷಕ್ಕೆ ಕಸ್ತೂರಿಬಾಯಿ ಮೆಟ್ಟಿಲೇರಿ ಬಂದರು. ಹಣೆಯ ವಿಭೂತಿ ಇನ್ನೂ ಹಸಿಯಿತ್ತು.

"ಮಾಸ್ತರ, ನಿಮ್ಮ ಕುರ್ಚಿಗಿ ಎಣ್ಣಿ ಹಾಕ್ರಿ. ಫೋನ್ ಎತ್ತಿ ಬಾಜೂಕ ಇಟ್ಟು ಪೂಜಿಗಿ ಕುಂತರೂ ಮ್ಯಾಲಿಂದ ಕಿರ್ ಕಿರ್."

ಶಾಂತಲಿಂಗಪ್ಪ ಪೆನ್ನು ಕೆಳಗಿಟ್ಟರು. "ಫೋನ್ ಯಾಕ ಎತ್ತಿಡ್ತೀರಿ, ಅವ್ವಾರ?"

"ಮತ್ತ? ಲಿಂಗ ಅಂಗೈಯಾಗ ಇಟ್ಕೊಂಡು ಎದ್ದು ಹಲೋ ಅನ್ಲೇನು?"

"ಎಷ್ಟೊತ್ತಿಗಿರಿ?"

"ಆರಕ್ಕ. ಏಳರ ತನಕ."

"ದಿನಾ?"

"ಒಂದಿನಾ ತಪ್ಪಿಸಿದ್ದು ನೋಡೀರೇನು?"

ಕೆಳಗಿನ ರಿಸೀವರ್ ಎತ್ತಿಟ್ಟಿದ್ದರೆ ಮೇಲಿನ ವೈರಿನಲ್ಲಿ ಟೋನ್ ಇರುವುದಿಲ್ಲ. ಅವರು ಯಂತ್ರವನ್ನು ಬೆಳಗ್ಗೆ ಪರೀಕ್ಷಿಸಿದ್ದರು, ಲೈನನ್ನು ಸಂಜೆ. ಹೀಗೆ ಮಾಡಿದ ವಿದ್ಯಾರ್ಥಿಯ ರೆಕಾರ್ಡ್ ಪುಸ್ತಕವನ್ನು ಅವರು ಸಹಿ ಮಾಡದೆ ವಾಪಸು ಕೊಡುತ್ತಿದ್ದರು.

"ನಾಳಿ ಒಂದಿನಾ ಪೂಜಿ ಸ್ವಲ್ಪ ತಡಾ ಮಾಡ್ತೀರೇನ್ರಿ?"

"ನೀವ ಐದಕ್ಕ ಏಳ್ರಿ. ನಿದ್ದಿ ಕಡಿಮ್ಯಾದ್ರ ಯಾರೂ ಸಾಯಂಗಿಲ್ಲ."

ಶನಿವಾರ ಐದಕ್ಕೆ ಅವರು ಬಾಗಿಲು ತೆಗೆದಾಗ ಹೊಸ್ತಿಲಲ್ಲಿ ತಟ್ಟೆ ಮುಚ್ಚಿದ ಚಹಾ ಇತ್ತು. ಜೊತೆಗೆ ಒಂದು ಬಟ್ಟಲು ಎಣ್ಣೆ. ಮೊದಲು ಕುರ್ಚಿಗೆ ಎಣ್ಣೆ ಹಾಕಿದರು, ಆಮೇಲೆ ಹದಿನಾಲ್ಕೂ ತಿದ್ದುಪಡಿ ತೆಗೆದು ಯಂತ್ರವನ್ನು ಮೊದಲಿದ್ದಂತೆ ಮಾಡಿದರು. ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಮೋಡೆಮ್ ಮೊದಲ ಯತ್ನದಲ್ಲೇ ಕೂಗಿ, ಸಂಪರ್ಕ ಸಿಕ್ಕು ಸುಮ್ಮನಾಯಿತು, ಎರಡು ಸಾಲಿನ ಇ-ಮೇಲ್ ಬಂತು.

ದೇವಿಂದ್ರಪ್ಪ ಅದರ ಅಚ್ಚನ್ನು ಎರಡು ಸಲ ಓದಿದರು. ಯಂತ್ರ ಪ್ರಯೋಗಾಲಯದಲ್ಲೇ ಇರಲಿ ಎಂದು ಬರೆದು ಸಹಿ ಹಾಕಿ, ನೋಟ್‌ಬುಕ್ ತಿರುವಿದರು.

"ಲಿನಕ್ಸ್‌ನ್ಯಾಗ ಹದಿನಾಲ್ಕು ತಿದ್ದುಪಡಿ ಮಾಡೀರಿ. ಇದರಾಗ ಬೇಕಾಗಿದ್ದುವು ಎಷ್ಟ್ರಿ?"

ಶಾಂತಲಿಂಗಪ್ಪ ಎದ್ದು ನಿಂತು ಹೇಳಿದರು:

"ಸೊನ್ನಿ ರೀ."