ಇದು ನನ್ನದಲ್ಲ ಅಂದವಳು

ದೇವರಿಲ್ಲ ಎನ್ನುವವರಲ್ಲಿ ಹೆಚ್ಚಿನವರು ಪುಸ್ತಕ ಓದಿಯೋ ಭಾಷಣ ಕೇಳಿಯೋ ಆ ತೀರ್ಮಾನಕ್ಕೆ ಬಂದಿರುತ್ತಾರೆ. ನನ್ನದು ಹಾಗಲ್ಲ. ಏಳನೇ ವಯಸ್ಸಿಗೇ ನಾನು ದೇವರನ್ನು ನಂಬುವುದು ಬಿಟ್ಟೆ. ಅದಕ್ಕೆ ಕಾರಣ ಒಂದು ಬಟ್ಟಲು ಕಾಕವಿ. ಕಾಕವಿ ಎಂದರೆ ಬೆಲ್ಲ ಗಟ್ಟಿಯಾಗುವ ಮುಂಚಿನ ಅಂಟು ಪಾಕ. ಕಬ್ಬಿನ ಸೀಮೆಯ ಮಕ್ಕಳಾದ ನಮಗೆ ಅದು ಸಿಕ್ಕ ದಿನ ಹಬ್ಬ. ಈ ಸಂಗತಿಯನ್ನು ಇದುವರೆಗೆ ನಾನು ಯಾರಿಗೂ ಹೇಳಿಲ್ಲ, ಕಟ್ಟಿಕೊಂಡ ಗಂಡನಿಗೂ ಹೇಳಿಲ್ಲ. ಈಗ ಹೇಳಲೇಬೇಕಾಗಿದೆ, ಇಲ್ಲದಿದ್ದರೆ ಮುಂದೆ ನಡೆದದ್ದು ನಿಮಗೆ ತಿಳಿಯುವುದಿಲ್ಲ.

ನನ್ನ ತವರು ಅಥಣಿ ತಾಲೂಕಿನ ಒಂದು ಹಳ್ಳಿ. ಎಲ್ಲಮ್ಮನಿಗೆ ನಡೆದುಕೊಳ್ಳುವ ಮನೆತನ ನಮ್ಮದು. ನಮ್ಮ ಓಣಿಯಲ್ಲಿ ಹೆಣ್ಣುಮಗುವಿನ ಕೂದಲು ಬಿಡಿಸಲಾಗದಂತೆ ಗಂಟುಗಟ್ಟಿದರೆ ಅದನ್ನು ಕೂದಲು ಎನ್ನುತ್ತಿರಲಿಲ್ಲ, ಜಡಿ ಎನ್ನುತ್ತಿದ್ದರು. ತಾಯಿ ಬಂದು ಕೂತಿದ್ದಾಳೆ ಎಂದು ಅದರ ಅರ್ಥ. ಅದಕ್ಕೆ ಹಣಿಗೆ, ಅಂದರೆ ಬಾಚಣಿಗೆ, ತಾಗಿಸುವಂತಿಲ್ಲ, ಕತ್ತರಿಯ ಮಾತನ್ನೇ ಆಡುವಂತಿಲ್ಲ. ಭಂಡಾರದ ಅರಿಶಿನ ಹಚ್ಚಿ ಪೂಜೆ ಮಾಡಬೇಕು, ಆಮೇಲೆ ಆ ಹುಡುಗಿಗೆ ಮುತ್ತು ಕಟ್ಟಿ ದೇವಿಗೆ ಬಿಡಬೇಕು. ಬಿಟ್ಟವಳಿಗೆ ಮದುವೆಯಿಲ್ಲ. ಉಳಿದ ಬದುಕು ಏನಾಗುತ್ತದೆಂದು ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ. ಕಾನೂನು ಇದನ್ನೆಲ್ಲ ಎಂದೋ ನಿಷೇಧಿಸಿದೆ. ಆದರೆ ಕಾನೂನು ಇದ್ದದ್ದು ಬೆಂಗಳೂರಿನಲ್ಲಿ, ನಾವಿದ್ದದ್ದು ನಮ್ಮ ಓಣಿಯಲ್ಲಿ.

ನನ್ನ ಅಕ್ಕ ಶೋಭಾ ನನಗಿಂತ ಮೂರು ವರ್ಷ ದೊಡ್ಡವಳು. ಅವಳಿಗೆ ಹತ್ತು ತುಂಬಿದ ವರ್ಷ ವಿಷಮಜ್ವರ ಬಂದು ಮೂರು ವಾರ ಹಾಸಿಗೆ ಹಿಡಿದಿದ್ದಳು. ತಲೆ ಬಾಚುವವರು ಯಾರೂ ಇರಲಿಲ್ಲ, ಎಲ್ಲರೂ ಬೆಲ್ಲದ ಗಾಣದ ಕೆಲಸಕ್ಕೆ ಹೋಗುತ್ತಿದ್ದರು. ಒಂದು ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ತಮ್ಮ ಇನ್ನೂ ಕೈಗೂಸು, ಅವನನ್ನು ಅವ್ವ ಬೆನ್ನಿಗೆ ಕಟ್ಟಿಕೊಂಡು ಹೋಗಿದ್ದಳು. ಅಕ್ಕ ಜ್ವರದ ಮಂಪರಿನಲ್ಲಿ ಮಲಗಿದ್ದಳು. ನನಗೆ ಬೇಸರ. ಬಟ್ಟಲಿನ ಕಾಕವಿ ನೆಕ್ಕುತ್ತ ಕೂತವಳಿಗೆ ಅಕ್ಕನಿಗೆ ಹೆರಳು ಹಾಕುವ ಮನಸ್ಸಾಯಿತು. ಒಣಗಿದ ಕೂದಲು ಕೈಗೆ ನಿಲ್ಲಲಿಲ್ಲ. ಎಣ್ಣೆಯ ಬದಲು ಕಾಕವಿ ಹಚ್ಚಿದೆ. ಕುತ್ತಿಗೆಯ ಹಿಂದೆ ಬೆರಳ ಗಾತ್ರದ ಒಂದು ಹೆರಳು ಚೆನ್ನಾಗಿ ಕೂತಿತು. ಅವಳಿಗೆ ಎಚ್ಚರವೇ ಆಗಲಿಲ್ಲ.

ನಾಲ್ಕೈದು ದಿನಕ್ಕೆ ಬೆವರು, ಧೂಳು ಸೇರಿ ಅದು ಕಟ್ಟಿಗೆಯಂತೆ ಗಟ್ಟಿಯಾಯಿತು. ಅವ್ವನ ಕೈಗೆ ಅದು ಸಿಕ್ಕ ದಿನ ನಾನು ಬಾಗಿಲ ಹಿಂದೆ ನಿಂತು ಏಟಿಗೆ ಕಾಯುತ್ತಿದ್ದೆ. ಏಟು ಬೀಳಲಿಲ್ಲ. ಅವ್ವ ನೆಲಕ್ಕೆ ಹಣೆ ಹಚ್ಚಿ "ಉಧೋ ಉಧೋ" ಎಂದು ಅಳತೊಡಗಿದಳು. ಓಣಿಯ ಹೆಂಗಸರೆಲ್ಲ ನೆರೆದರು. ಜಡಿಗೆ ಇರುವೆ ಹತ್ತಿದ್ದವು. ಅದೂ ತಾಯಿಯ ಮಹಿಮೆ ಎಂದಳು ಒಬ್ಬ ಮುದುಕಿ. ಹೊಡೆತ ತಪ್ಪಿತಲ್ಲ ಎಂದು ನನಗೆ ಖುಷಿಯಾಗಿತ್ತು. ಅದನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

ಮರು ತಿಂಗಳು ನಮ್ಮ ಅಂಗಳದಲ್ಲೇ ಐದು ಜನ ಜೋಗತಿಯರು ಕೂತು ಅಕ್ಕನಿಗೆ ಮುತ್ತು ಕಟ್ಟಿದರು. ಹೊಸ ಪರಕಾರ ಉಟ್ಟಿದ್ದಕ್ಕೆ ಅವಳಿಗೆ ಸಂಭ್ರಮವೋ ಸಂಭ್ರಮ. ದೇವಿ ಎಂಬವಳು ಎಲ್ಲೂ ಇಲ್ಲ, ಇದ್ದಿದ್ದರೆ ಕಾಕವಿಗೂ ತನಗೂ ವ್ಯತ್ಯಾಸ ಹೇಳುತ್ತಿದ್ದಳು ಎಂದು ನನಗೆ ಅಂದೇ ಖಾತ್ರಿಯಾಯಿತು. ಅಕ್ಕ ಮೂವತ್ತು ದಾಟುವ ಮೊದಲೇ ಮಿರಜಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡಳು. ಕೊನೆಯ ಎಂಟು ದಿನ ಅವಳ ಮಂಚದ ಪಕ್ಕ ಇದ್ದವಳು ನಾನೇ. ಹೇಳಿಬಿಡಬೇಕೆಂದು ದಿನವೂ ಅಂದುಕೊಂಡೆ, ಹೇಳಲಿಲ್ಲ.

ಇಷ್ಟಾದ ಮೇಲೆ ನಾನು ಎಂಥವಳಾದೆ ಎಂದು ನೀವೇ ಊಹಿಸಬಹುದು. ನರ್ಸ್ ಕೆಲಸ ಹಿಡಿದೆ. ನಿಪ್ಪಾಣಿ ಹತ್ತಿರದ ಅಕ್ಕೋಳದ ಸಂಬಂಧ ಬಂದಾಗ ನಾನು ಕೇಳಿದ ಪ್ರಶ್ನೆ ಒಂದೇ, ಮನೆಯಲ್ಲಿ ದೇವರ ಜಗಲಿ ಇದೆಯೋ ಇಲ್ಲವೋ ಎಂದು. ಅವರು ಬೌದ್ಧರು, ಇಲ್ಲ ಎಂದರು. ಅವತ್ತೇ ಒಪ್ಪಿದೆ. ಆಸ್ಪತ್ರೆಗೆ ಜಡಿ ಹೊತ್ತು ಬಂದ ಹೆಂಗಸರಿಗೆ ತಿಳಿಸಿ ಹೇಳಿ, ಕೆಲವೊಮ್ಮೆ ಬೈದು, ನನ್ನ ಕೈಯಾರೆ ಕತ್ತರಿಸಿದ್ದೇನೆ. ಒಮ್ಮೆ ಅಂಥದೊಂದನ್ನು ಟ್ರೇಯಲ್ಲಿಟ್ಟು ಸೀಳಿ ನೋಡಿದೆ. ಹೇನು, ಹೊಟ್ಟು, ವರ್ಷಾನುಗಟ್ಟಲೆಯ ಅರಿಶಿನ. ದೇವಿ ಇರಲಿಲ್ಲ. ದೇವರ ಹೆಸರು ಹೇಳಿಕೊಂಡು ಯಾರಾದರೂ ಕಣ್ಣು ಮುಚ್ಚಿ ಕೈ ಮುಗಿದರೆ ನನಗೆ ಇಂದಿಗೂ ಮೈ ಉರಿಯುತ್ತದೆ.

ಆರು ವರ್ಷದ ಹಿಂದೆ ಒಂದು ಶುಕ್ರವಾರ ಬೆಳಿಗ್ಗೆ ತಮ್ಮನ ಹೆಂಡತಿ ಸವಿತಾ ಫೋನು ಮಾಡಿದಳು. ಬಚ್ಚಲಲ್ಲಿ ನಿಂತು ಪಿಸುಗುಡುತ್ತಿದ್ದಳು. "ಅಕ್ಕಾ, ನೀವ ಬರ್ರಿ. ಶ್ರಾವಣಿ ತಲ್ಯಾಗ ಜಡಿ ಆಗೇತ್ರಿ. ಅತ್ತಿ ಹಣಿಗಿ ಮುಟ್ಟಾಕ ಕೊಡವಲ್ಲರು. ಇವತ್ತ ಯಮನವ್ವ ಬಂದು ಮುತ್ತ ಕಟ್ಟಾಕ ದಿನಾ ಹಿಡೀತಾಳಂತ."

ಶ್ರಾವಣಿ ನನ್ನ ತಮ್ಮನ ಮಗಳು, ಒಂಬತ್ತು ವರ್ಷದವಳು. ಅವಳಿಗೂ ಜ್ವರ ಬಂದು ಹೋಗಿತ್ತು. ಯಮನವ್ವ ಓಣಿಯ ಹಿರಿಯ ಜೋಗತಿ, ಅಕ್ಕನಿಗೆ ಮುತ್ತು ಕಟ್ಟಿದ ಐವರಲ್ಲಿ ಬದುಕಿ ಉಳಿದಿದ್ದವಳು ಅವಳೊಬ್ಬಳೇ. ಈ ಕಾಲದಲ್ಲೂ ಇದು ನಡೆಯುತ್ತದೆಯೇ ಎಂದು ನೀವು ಕೇಳಬಹುದು. ನಾನೂ ಬಸ್ಸಿನಲ್ಲಿ ಅದನ್ನೇ ಕೇಳಿಕೊಳ್ಳುತ್ತಿದ್ದೆ. ನಿಪ್ಪಾಣಿಯಿಂದ ಚಿಕ್ಕೋಡಿ, ಅಲ್ಲಿಂದ ಅಥಣಿ. ಪರ್ಸಿನಲ್ಲಿ ಆಸ್ಪತ್ರೆಯ ದೊಡ್ಡ ಕತ್ತರಿ ಇತ್ತು. ಪೊಲೀಸರಿಗೆ ಹೇಳಬಹುದಿತ್ತು, ಆದರೆ ಅವ್ವನನ್ನು ಜೀಪಿಗೆ ಹತ್ತಿಸುವ ಮೊದಲು ಒಮ್ಮೆ ಮಾತಾಡಿ ನೋಡೋಣ ಎನಿಸಿತು.

ಹೋದಾಗ ಮಧ್ಯಾಹ್ನ ಒಂದು ಗಂಟೆ ಇರಬೇಕು. ಉರಿಬಿಸಿಲು. ಒಳಗೆ ಜಗಲಿಯ ಮುಂದೆ ಅವ್ವ ಕೂತಿದ್ದಳು, ಪಕ್ಕದಲ್ಲಿ ಯಮನವ್ವ, ನಡುವೆ ಶ್ರಾವಣಿ. ಮಗುವಿನ ಕುತ್ತಿಗೆಯ ಹಿಂದೆ, ಅದೇ ಜಾಗದಲ್ಲಿ, ಭಂಡಾರ ಮೆತ್ತಿದ ಒಂದು ಗಂಟು. ತಮ್ಮ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದ. ಸವಿತಾ ಒಲೆಯ ಹತ್ತಿರ ನಿಂತು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

"ಆತ್ಯಾ, ನನ್ನ ಶಾಳಿ ಬಿಡಸ್ತಾರಂತ" ಎಂದಿತು ಮಗು.

ನನ್ನ ತಾಳ್ಮೆ ಅಲ್ಲಿಗೇ ಮುಗಿಯಿತು. ಕತ್ತರಿ ತೆಗೆದು ಹಿಡಿದೆ.

"ಅವ್ವಾ, ಒಂದ ಮಗಳನ್ನ ತಿಂದಿ. ಸಾಲಲಿಲ್ಲೇನ?"

"ಬಾಯಿ ಮುಚ್ಚಬೇ! ನಾ ತಿಂದನೇನ? ತಾಯಿ ಕರದಳು, ಕೊಟ್ಟೆ."

"ಯಾವ ತಾಯಿ? ಎಲ್ಲಿ ಅದಾಳ, ತೋರಸ. ಅಕಿ ಬಾಯಲೇ ಹೇಳಲಿ, ಕತ್ತರಿ ಕೆಳಗ ಇಡ್ತೀನಿ."

ಯಮನವ್ವ ಎರಡೂ ಕಿವಿ ಮುಚ್ಚಿಕೊಂಡಳು. ಅವ್ವ ಎದ್ದು ನನ್ನ ಕೈಯನ್ನು ಹಿಡಿದಳು. ಎಪ್ಪತ್ತರ ಹತ್ತಿರದವಳು, ಅದರಲ್ಲೂ ಉಪವಾಸದಲ್ಲಿದ್ದವಳು. ಆದರೂ ಬಿಡಿಸಿಕೊಳ್ಳಲು ನನಗೆ ಆಗಲಿಲ್ಲ. ಎಳೆದಾಟದ ನಡುವೆ ಅವಳು ಒಮ್ಮೆಲೇ ನಿಂತಳು. ಹಿಡಿತ ಸಡಿಲವಾಯಿತು. ತಾನಾಗಿಯೇ ಹೋಗಿ ಜಗಲಿಗೆ ಬೆನ್ನು ಮಾಡಿ ಕೂತಳು. ದೇವರಿಗೆ ಬೆನ್ನು ಮಾಡಿ ಅವ್ವ ಕೂತದ್ದನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಇಲ್ಲಿ ಒಂದು ಮಾತು. ಮೈಮೇಲೆ ಬರುವುದನ್ನು ನಾನು ಸಾಕಷ್ಟು ಕಂಡಿದ್ದೇನೆ. ಕೂದಲು ಕೆದರುವುದು, ಹೂಂಕರಿಸುವುದು, ಸೀರೆ ಕೇಳುವುದು, ಕೋಳಿ ಕೇಳುವುದು. ನನಗೆ ಅದೆಲ್ಲ ನಾಟಕವೇ. ಅವ್ವನ ಮೈಮೇಲಂತೂ ಅಲ್ಲಿಯವರೆಗೆ ದೇವಿ ಒಮ್ಮೆಯೂ ಬಂದಿರಲಿಲ್ಲ, ಆ ಕೊರಗು ಅವಳಿಗಿತ್ತು. ಅವತ್ತು ಅಂಥದ್ದೇನೂ ನಡೆಯಲಿಲ್ಲ. ಕೂಗಿಲ್ಲ, ನಡುಕವಿಲ್ಲ. ದನಿ ಅವ್ವನದೇ. ರೇಷನ್ ಚೀಟಿ ಓದಿ ಹೇಳುವವರ ಹಾಗೆ, ಏರಿಳಿತವಿಲ್ಲದೆ ಮಾತಾಡಿದಳು. ಕಣ್ಣು ಮಾತ್ರ ಮಿಟುಕಿಸಲಿಲ್ಲ.

"ಕತ್ತರಸ. ಇದು ನಂದಲ್ಲ" ಎಂದಳು.

ಅವಳು ನನ್ನನ್ನೇ ನೋಡಿದಳು.

"ಅದೂ ನಂದಾಗಿರಲಿಲ್ಲ. ಕಾಕವಿ ಹಚ್ಚಿ ಹೆಣದಾಕಿ ನೀ. ಎಡಗೈಲೆ ಹೆಣದಿ. ಬಲಗೈ ಬಟ್ಟಿಗೆ ಅರಿವಿ ಸುತ್ತಿತ್ತ."

ಕಾಕವಿಯ ಮಾತಿರಲಿ, ಬೆರಳಿಗೆ ಸುತ್ತಿದ ಬಟ್ಟೆಯನ್ನು ನಾನೇ ಮರೆತಿದ್ದೆ. ಅವಳು ಹೇಳಿದ ಮೇಲೆ ನೆನಪಾಯಿತು. ಆ ವಾರ ಕಬ್ಬಿನ ಒಣಗರಿ, ರವದಿ, ತಾಗಿ ಬೆರಳು ಕೊಯ್ದಿತ್ತು, ಅದಕ್ಕೇ ಎಲ್ಲವನ್ನೂ ಎಡಗೈಯಿಂದ ಮಾಡಿದ್ದೆ.

ಶ್ರಾವಣಿಯ ತಲೆ ಬಗ್ಗಿಸಿ ಕತ್ತರಿಸಿದೆ. ಗಂಟು ಹಾಸುಗಲ್ಲಿನ ಮೇಲೆ ಬಿತ್ತು. ಯಮನವ್ವ ಅದನ್ನು ಮುಟ್ಟಲೂ ಇಲ್ಲ. "ತಾಯೀನ ಒಲ್ಲೆ ಅಂದ ಮ್ಯಾಲ ನಂದೇನೈತಿ" ಎಂದು ತನ್ನ ಪಡ್ಡಲಗಿ ಬುಟ್ಟಿ ಎತ್ತಿಕೊಂಡು ಹೊರಟುಹೋದಳು. ಆ ಹೊತ್ತಿಗೆ ಅವ್ವ ಅಲ್ಲೇ ಗೋಡೆಗೆ ವಾಲಿದ್ದಳು. ನಾಡಿ ಹಿಡಿದೆ, ಸರಿಯಾಗಿತ್ತು. ಸಕ್ಕರೆ ನೀರು ಕುಡಿಸಿದೆ. ಎಚ್ಚರಾದವಳು ಮೊಮ್ಮಗಳ ತಲೆ ನೋಡಿ ಎದೆ ಬಡಿದುಕೊಂಡು ಅತ್ತಳು. ಯಾರು ಕತ್ತರಿಸಿದರು ಎಂದು ಕೇಳಿದಳು. ನೀನೇ ಹೇಳಿದ್ದು ಎಂದರೆ ನಂಬಲಿಲ್ಲ. ಯಮನವ್ವನನ್ನೇ ಕರೆಸಿ ಕೇಳಿಸಿದ ಮೇಲೆ ಸುಮ್ಮನಾದಳು.

ಸಂಜೆ ತಮ್ಮ ಬಸ್ ನಿಲ್ದಾಣದವರೆಗೆ ಬಂದ. "ಅಕ್ಕಾ, ಕಾಕವಿ ಅಂದ್ಲಲ್ಲ, ಏನದು?" ಎಂದು ಕೇಳಿದ.

"ಉಪಾಸ ಇದ್ದಾಳ, ಏನೋ ಬಡಬಡಿಸಿದ್ಲು" ಎಂದೆ. ಅವತ್ತೂ ನಾನು ಬಾಯಿ ಬಿಡಲಿಲ್ಲ.

ಶ್ರಾವಣಿ ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಅವಳ ಪಾಲಿಗೆ ಇದು ಮುಗಿದ ಕಥೆ. ನನಗೆ ಮುಗಿದಿಲ್ಲ. ನರ್ಸಿನ ಬುದ್ಧಿಯಿಂದ ನಾನು ಮಾಡದ ಲೆಕ್ಕಾಚಾರವಿಲ್ಲ. ಉಪವಾಸದಿಂದ ಮೆದುಳಿಗೆ ಸಕ್ಕರೆ ಕಡಿಮೆಯಾಗಿ ಬಾಯಿಗೆ ಬಂದದ್ದನ್ನು ಆಡಿರಬಹುದು. ಆದರೆ ಬಾಯಿಗೆ ಬಂದದ್ದು ಅದೇ ಏಕೆ? ಅವ್ವ ಅಂದು ಗಾಣದಿಂದ ನಡುವೆ ಮನೆಗೆ ಬಂದು ಕಿಟಕಿಯಿಂದ ನೋಡಿದ್ದಳೇ? ಇರುವೆ ಕಂಡಾಗಲೇ ಅವಳಿಗೆ ಗೊತ್ತಾಗಿತ್ತೇ? ಗೊತ್ತಿದ್ದೂ, ಊರು ನೆರೆದ ಮೇಲೆ ಹಿಂದೆ ಸರಿಯಲಾರದೆ, ಹೆತ್ತ ಮಗಳ ಕುತ್ತಿಗೆಗೆ ಮುತ್ತು ಕಟ್ಟಿಸಿದಳೇ? ಈ ಯೋಚನೆ ಬಂದಾಗ ನನಗೆ ರಾತ್ರಿಯ ಊಟ ಸೇರುವುದಿಲ್ಲ. ಎರಡು ವರ್ಷದ ನಂತರ ಅವ್ವ ಹಾಸಿಗೆ ಹಿಡಿದಾಗ, ಅವತ್ತು ಆಡಿದ ಮಾತು ಎಲ್ಲಿಂದ ಬಂತೆಂದು ನೇರವಾಗಿ ಕೇಳಿಯೂ ಬಿಟ್ಟೆ. "ನಾ ಎಲ್ಲಿ ಮಾತಾಡೇನಿ? ಕಣ್ಣಿಗೆ ಕತ್ತಲಿ ಬಂದು ಬಿದ್ದಿದ್ದೆ" ಎಂದಳು. ಅಕ್ಕನ ವಿಷಯ ಎತ್ತಿದರೆ ಗೋಡೆ ಕಡೆ ಹೊರಳಿದಳು. ಅದೇ ವಾರ ಹೋದಳು. ಸುಳ್ಳು ಹೇಳಿದಳೋ, ನಿಜವನ್ನೋ, ನನಗೆ ಗೊತ್ತಿಲ್ಲ.

ಅವ್ವನಿಗೆ ಗೊತ್ತಿರಲಿಲ್ಲ ಎನ್ನುವುದಾದರೆ ಉಳಿಯುವುದು ಒಂದೇ ದಾರಿ, ಮಾತಾಡಿದ್ದು ದೇವಿ. ನನ್ನ ಗುರುತಿನ ಭಕ್ತರು ಈ ಕಥೆ ಕೇಳಿದರೆ ಕೈ ಮುಗಿದು, ನೋಡಿದಿರಾ ತಾಯಿ ಮಗುವನ್ನು ಕಾಪಾಡಿದಳು ಎಂದು ಕಣ್ಣೀರು ಹಾಕಿಯಾರು. ಅವರ ಹೆಸರಿಗೇ ನನಗೆ ಸಿಟ್ಟು ಬರುತ್ತದೆ. ಇಲ್ಲದ ದೇವರ ಜೊತೆ ಬದುಕುವುದು ಸುಲಭವಿತ್ತು. ಇಲ್ಲದವಳನ್ನು ಯಾರು ಏನೆಂದು ಕೇಳುತ್ತಾರೆ? ಆ ಮಧ್ಯಾಹ್ನದ ನಂತರ ನನಗೆ ಆ ಸುಖವೂ ಇಲ್ಲ. ನಂಬಿದ್ದೇನೆ ಎನ್ನಲಾರೆ, ಇಲ್ಲ ಎಂದು ಮೊದಲಿನ ಹಾಗೆ ಗಟ್ಟಿಯಾಗಿ ಹೇಳಲೂ ಆರೆ. ಒಂದು ವೇಳೆ ದೇವಿ ಇದ್ದಾಳೆ ಎಂದರೆ, ಅವಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಅಂಗಳದಲ್ಲಿ ತನ್ನ ಹೆಸರಿನಲ್ಲಿ ಮುತ್ತು ಕಟ್ಟುವಾಗ ಅವಳು ಅಲ್ಲಿದ್ದಳು. ಮಿರಜಿನ ಆಸ್ಪತ್ರೆಯಲ್ಲೂ ಇದ್ದಳು. ಒಂದು ಮಾತು, "ಇದು ನಂದಲ್ಲ" ಎಂಬ ಒಂದೇ ಮಾತು, ಅವಳ ಬಾಯಿಂದ ಹೊರಡಲಿಲ್ಲ.

ಅಕ್ಕನ ವಿಷಯದಲ್ಲಿ ನಿಜ ಗೊತ್ತಿದ್ದೂ ಸುಮ್ಮನಿದ್ದವರು ಹಾಗಾದರೆ ನಾವಿಬ್ಬರು, ನಾನು ಮತ್ತು ಅವಳು. ನನಗೆ ಆಗ ಏಳು ವರ್ಷ. ಅವಳಿಗೆ ಎಷ್ಟು?